ಕಿತ್ತಳೆ ಬಣ್ಣದ ಪರದೆ

ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯಲ್ಲಿ, ಹೊಲಿಗೆ ಯಂತ್ರದ ಅಂಗಡಿಯ ಮೇಲಿನ ಮಹಡಿಯಲ್ಲಿ ಸಂಗಮೇಶ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಬಾಗಲಕೋಟೆ ಕಡೆಯವನು. ಐದು ವರ್ಷ ಒಂದು ಕಂಪನಿಯ ಸರ್ವೀಸ್ ಎಂಜಿನಿಯರ್ ಆಗಿ ಬೆನ್ನಿಗೆ ಟೂಲ್ ಕಿಟ್ ಹಾಕಿಕೊಂಡು ಊರೆಲ್ಲ ಸುತ್ತಿದ ಮೇಲೆ, ಹೆಂಡತಿ ಶೈಲಶ್ರೀಯ ಒತ್ತಾಯಕ್ಕೆ ಈ ಮಳಿಗೆ ಹಿಡಿದಿದ್ದ. ಮನೆ ಬಿಟಿಎಂ ಲೇಔಟಿನಲ್ಲಿ, ಬಾಡಿಗೆಗೆ. ಬೇರೆಯವರು ಆಗೋದಿಲ್ಲ ಎಂದು ವಾಪಸು ಕಳಿಸಿದ ಮೆಷೀನನ್ನು ಇವನು ಸರಿ ಮಾಡಿಕೊಡುತ್ತಾನೆ ಎಂಬ ಮಾತು ಆ ರಸ್ತೆಯಲ್ಲಿ ಹಬ್ಬಿತ್ತು. ಆ ಮಾತು ಕಿವಿಗೆ ಬಿದ್ದಾಗ ಅವನಿಗೆ ಖುಷಿಯಾಗುತ್ತಿತ್ತು. ಮುಂದೆ ನಡೆದದ್ದಕ್ಕೆ ಆ ಖುಷಿಯೂ ಒಂದು ಕಾರಣ ಎಂದು ಅವನೇ ಈಗ ಹೇಳುತ್ತಾನೆ.

ಸುಧಾಮಣಿಯವರು ಅಂಗಡಿಗೆ ಬಂದದ್ದು 2002ರ ಆಗಸ್ಟಿನಲ್ಲಿ. ಆಟೋ ಡ್ರೈವರ್ ಸಣ್ಣ ಸೂಟ್‌ಕೇಸಿನಂಥದ್ದೊಂದನ್ನು ಎತ್ತಿಕೊಂಡು ಮುಂದೆ, ಅವರು ಒಂದು ಕೈಯಲ್ಲಿ ಗೋಡೆ ಸವರಿಕೊಂಡು ಹಿಂದೆ, ಹೀಗೆ ಮೆಟ್ಟಿಲು ಹತ್ತಿದರು. ಐವತ್ತರ ಆಸುಪಾಸಿನ ಹೆಂಗಸು, ನೂಲಿನ ಸೀರೆ, ಕಪ್ಪು ಕನ್ನಡಕ. ಒಳಗೆ ಬಂದು ಕೂತ ಮೇಲೂ ಕನ್ನಡಕ ತೆಗೆಯಲಿಲ್ಲ. ಕಣ್ಣು ಬಂದಿರಬೇಕು ಅಂದುಕೊಂಡ ಸಂಗಮೇಶ.

ಸೂಟ್‌ಕೇಸಿನಂತೆ ಕಂಡದ್ದು ಒಂದು ಪೋರ್ಟಬಲ್ ಕಂಪ್ಯೂಟರ್. ಲ್ಯಾಪ್‌ಟಾಪ್ ಎಂಬ ಮಾತು ಜನರ ಬಾಯಿಗೆ ಬರುವ ಮೊದಲಿನದು. ಎಂಟು ಕೇಜಿಯ ಮೇಲೆಯೇ ತೂಕ, ಬ್ಯಾಟರಿ ಇಲ್ಲ, ಗೋಡೆಯ ಪ್ಲಗ್ಗಿಗೆ ಹಾಕಿಯೇ ನಡೆಸಬೇಕು. ಮುಚ್ಚಳ ಎತ್ತಿದರೆ ಕಪ್ಪು ಗಾಜಿನ ಪರದೆ. ಅಂಥದ್ದನ್ನು ಅವನು ಕಂಪನಿಯಲ್ಲಿದ್ದಾಗ ಒಮ್ಮೆ ಮಾತ್ರ ನೋಡಿದ್ದ. ಕರೆಂಟು ಹರಿದಾಗ ಆ ಗಾಜಿನೊಳಗಿನ ಅನಿಲ ಹೊತ್ತಿಕೊಂಡು, ಅಕ್ಷರಗಳು ಕಿತ್ತಳೆ ಬಣ್ಣದಲ್ಲಿ ಉರಿಯುತ್ತವೆ. ಉಳಿದ ಜಾಗವೆಲ್ಲ ಕಪ್ಪು.

ತಲಘಟ್ಟಪುರದ ಹತ್ತಿರ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ತಾವು ಟೈಪಿಸ್ಟ್ ಆಗಿದ್ದುದಾಗಿ ಸುಧಾಮಣಿ ಹೇಳಿದರು. ವಿದೇಶದಿಂದ ಬಂದ ಎಂಜಿನಿಯರೊಬ್ಬರು ಈ ಮೆಷೀನನ್ನು ಅಲ್ಲೇ ಬಿಟ್ಟುಹೋಗಿದ್ದರು. 1993ರಲ್ಲಿ ಕಾರ್ಖಾನೆ ಮುಚ್ಚಿದಾಗ ಬೇರೆಯವರು ಮೇಜು, ಬೀರು, ಫ್ಯಾನು ಕೇಳಿಕೊಂಡರೆ ಇವರು ಇದನ್ನು ಕೇಳಿಕೊಂಡರು. ಅಂದಿನಿಂದ ಇದರಲ್ಲೇ ಒಂದು ಮಾಸಪತ್ರಿಕೆಗೆ ಪದಬಂಧ ಮಾಡಿಕೊಡುತ್ತಿದ್ದರು. ಒಂಬತ್ತು ವರ್ಷ, ತಿಂಗಳಿಗೊಂದು, ಒಂದೂ ತಪ್ಪಿರಲಿಲ್ಲ. ಅವರ ತಂದೆ ಸಂಜೀವಯ್ಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದವರು. ಅಕ್ಷರವನ್ನು ಒಂದೊಂದಾಗಿ ಎತ್ತಿ ಮನೆಗೆ ಕೂರಿಸುವ ಚಾಳಿ ಅವರಿಂದ ಬಂದದ್ದು ಎಂದು ಸುಧಾಮಣಿ ನಕ್ಕರು.

ಮೆಷೀನು ಹತ್ತು ದಿನದ ಹಿಂದೆ ಸುಟ್ಟ ವಾಸನೆ ಬಂದು ನಿಂತಿತ್ತು. ಬೇರೆ ಎರಡು ಅಂಗಡಿಯವರು ಬಿಸಾಕಿ ಹೊಸದು ತಗೊಳ್ಳಿ ಅಂದಿದ್ದರು.

"ಮೊದಲು ಹೇಗಿತ್ತೋ ಹಾಗೇ ಆಗ್ಬೇಕು, ಸಂಗಮೇಶ್. ಇನ್ನೇನೂ ಬೇಡ," ಅಂದರು ಅವರು. "ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ನನಗೆ ಟೈಮ್ ಕಮ್ಮಿ ಇದೆ."

ಪತ್ರಿಕೆಯವರ ಗಡುವಿನ ಮಾತು ಎಂದುಕೊಂಡ ಸಂಗಮೇಶ, ಆಗ್ತದ್ರೀ ಮೇಡಂ, ನನ್ನ ಮೇಲೆ ಬಿಡ್ರಿ ಅಂದ.

ಅವನು ಆ ಕೆಲಸವನ್ನು ಪ್ರೀತಿಯಿಂದಲೇ ಮಾಡಿದ. ಮೈಯ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಯಾವುದು ಎಲ್ಲಿಯದು ಎಂದು ಹಾಳೆಯ ಮೇಲೆ ಬರೆದಿಟ್ಟುಕೊಂಡ. ಒಳಗೆ ವರ್ಷಗಟ್ಟಲೆಯ ಧೂಳು ಹತ್ತಿಯ ಹಾಗೆ ಕೂತಿತ್ತು. ಪವರ್ ಸಪ್ಲೈಯ ಕೆಪಾಸಿಟರುಗಳು ಉಬ್ಬಿ, ಅವುಗಳ ರಸ ಸೋರಿ ತಾಮ್ರದ ಗೆರೆಗಳನ್ನು ತಿಂದಿತ್ತು. ಆ ಗೆರೆಗಳ ಜಾಗಕ್ಕೆ ಕೂದಲಿನಂಥ ತಂತಿ ಕೂರಿಸಿ ಬೆಸುಗೆ ಹಾಕಿದ. ಕೀಲಿಮಣೆಯ ಗುಂಡಿಗಳನ್ನು ಒಂದೊಂದಾಗಿ ಕಿತ್ತು ಸೋಪಿನ ನೀರಿನಲ್ಲಿ ತೊಳೆದ. ಆಗ ಒಂದು ಗಮನಿಸಿದ: ಕೆಲವು ಗುಂಡಿಗಳ ಮೇಲೆ ಅಂಟಿನ ಸಣ್ಣ ಚುಕ್ಕೆಗಳಿದ್ದವು. ಏನೋ ಚೆಲ್ಲಿರಬೇಕು ಎಂದು ಉಗುರಿನಿಂದ ಕೆರೆದು ತೆಗೆದ. ಬೆರಳಿಗೆ ಗುರುತು ಸಿಗಲೆಂದು ಸುಧಾಮಣಿ ತಾವೇ ಹಾಕಿಕೊಂಡಿದ್ದ ಚುಕ್ಕೆಗಳು ಅವು.

ಮೂರನೇ ವಾರ ಪರದೆ ಹೊತ್ತಿಕೊಂಡಿತು. ಹಾರ್ಡ್ ಡಿಸ್ಕ್ ಇನ್ನೂ ತಿರುಗುತ್ತಿರಲಿಲ್ಲ, ಆದರೂ ಖುಷಿ ತಡೆಯಲಾರದೆ ಫೋನ್ ಮಾಡಿ ಅವರನ್ನು ಕರೆಸಿದ. ಅವರು ತಮ್ಮ ಹಳೆಯ ಕನ್ನಡ ಸಾಫ್ಟ್‌ವೇರಿನ ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು.

"ಆ ಟ್ಯೂಬ್‌ಲೈಟ್ ಆರಿಸ್ತೀರಾ? ಕಿಟಕೀನೂ ಸ್ವಲ್ಪ ಮುಂದೆ ಮಾಡಿ," ಅಂದರು.

ಅವನು ಹಾಗೇ ಮಾಡಿದ. ಆಗ ಮೊದಲ ಸಲ ಅವರು ಕಪ್ಪು ಕನ್ನಡಕ ತೆಗೆದರು. ಮುಖವನ್ನು ಗಾಜಿಗೆ ತೀರಾ ಹತ್ತಿರ ತಂದು, ತೋರುಬೆರಳನ್ನು ಅಕ್ಷರಗಳ ಕೆಳಗೆ ಸರಿಸುತ್ತಾ ಓದಿದರು. ಕಿತ್ತಳೆ ಬೆಳಕು ಅವರ ಹಣೆ, ಮೂಗಿನ ಮೇಲೆ ಬಿದ್ದಿತ್ತು. ಒಂದೊಂದು ಅಕ್ಷರವೂ ಕೊರೆದು ಇಟ್ಟ ಹಾಗಿದೆ ನೋಡಿ ಅಂದರು. ಆಮೇಲೆ ಇವನಿಗೊಂದು ಪ್ರಶ್ನೆ ಟೈಪ್ ಮಾಡಿದರು: ಅತ್ತಿಂದ ಓದಿದರೂ ಚಿನ್ನ, ಇತ್ತಿಂದ ಓದಿದರೂ ಚಿನ್ನ, ಮೂರಕ್ಷರ. ಬಂಗಾರ ಅಂದ ಸಂಗಮೇಶ. ಅದನ್ನು ಹಿಂದಿನಿಂದ ಓದಿ ನೋಡಿ ಎಂದು ನಕ್ಕು, ತಾವೇ ಕ, ನ, ಕ ಎಂದು ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ ಇಟ್ಟರು. ಅಷ್ಟು ಹೊತ್ತೂ ಅವರ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಹಳೆಯ ವಸ್ತುವಿನ ಮೇಲಿನ ಮೋಹ ಎಂದು ಅವನು ತಿಳಿದ. ಹೊರಡುವಾಗ ಅವರ ಕೈ ಬಾಗಿಲಿನ ಚೌಕಟ್ಟನ್ನು ಎರಡು ಸಲ ಹುಡುಕಿತು. ಅದನ್ನೂ ಅವನು ನೋಡಿದ್ದ, ನೋಡಿ ಸುಮ್ಮನಾಗಿದ್ದ.

ಹಾರ್ಡ್ ಡಿಸ್ಕಿನಿಂದಲೇ ಎಲ್ಲವೂ ದಾರಿ ತಪ್ಪಿತು. ಅದರ ತಿರುಗಣೆಯನ್ನು ಕೈಯಿಂದ ಮೆಲ್ಲಗೆ ಸಡಿಲಿಸಿ, ಒಂದೇ ಒಂದು ಸಲ ತಿರುಗಿಸಿ, ಅವರ ನೂರೆಂಟು ಪದಬಂಧಗಳನ್ನೂ ಫ್ಲಾಪಿಗಳಿಗೆ ಇಳಿಸಿಕೊಂಡ. ಆಮೇಲೆ ಅದು ಸತ್ತೇಹೋಯಿತು. ಅಷ್ಟು ಹಳೆಯ, ಅಷ್ಟು ಸಣ್ಣ ಡಿಸ್ಕ್ ಎಲ್ಲೂ ಸಿಗುತ್ತಿರಲಿಲ್ಲ. ಎಸ್‌ಪಿ ರೋಡಿನಲ್ಲಿ ಹಳೆಯ ಸಾಮಾನು ಮಾರುವ ಶಂಭುಲಿಂಗಪ್ಪ ಎಂಬವರಿದ್ದರು, ಇವನಿಗೆ ಪರಿಚಯ. ಒಂದೆರಡು ತಿಂಗಳು ತಡೆದರೆ ಯಾವುದಾದರೂ ಬ್ಯಾಂಕಿನ ಗುಜರಿಯಲ್ಲಿ ಬಂದೇ ಬರುತ್ತೆ, ತೆಗೆದಿಟ್ಟಿರ್ತೀನಿ ಎಂದು ಅವರು ಹೇಳಿದರು. ಸಂಗಮೇಶ ತಡೆಯಲಿಲ್ಲ.

ಹೊಸ ಡಿಸ್ಕ್ ಹಾಕಿ ನೋಡಿದ. ಹಳೆಯ ಬೋರ್ಡಿಗೆ ಅದರ ಗುರುತೇ ಸಿಗಲಿಲ್ಲ. ಹಾಗಾದರೆ ಬೋರ್ಡ್ ಬದಲಿಸೋಣ ಎನಿಸಿತು. ಹೊಸ ಬೋರ್ಡ್ ಹಾಕಿದರೆ ಕಿತ್ತಳೆ ಪರದೆ ನಡೆಯುವುದಿಲ್ಲ. ಹಾಗಾದರೆ ಪರದೆ. ಅವನ ಬಳಿ ಕೆಳಗೆ ಬಿದ್ದು ಮೈ ಒಡೆದಿದ್ದ ಒಂದು ಲ್ಯಾಪ್‌ಟಾಪಿನ ಕಲರ್ ಪರದೆ ಸರಿಯಾಗಿಯೇ ಇತ್ತು. ಅಳತೆ ಹಿಡಿದು ನೋಡಿದ. ಆ ಹಳೆಯ ಮುಚ್ಚಳದೊಳಗೆ ಅದು ಹೇಳಿ ಮಾಡಿಸಿದಂತೆ ಕೂರುತ್ತಿತ್ತು.

ಪಕ್ಕದ ಜೆರಾಕ್ಸ್ ಅಂಗಡಿಯ ಮಹೇಶ್ ಆಗಾಗ ಬಂದು ನೋಡುತ್ತಿದ್ದ. ಹಳೇ ಬಾಡಿ, ಒಳಗೆ ವಿಂಡೋಸ್, ಕಲರ್ ಸ್ಕ್ರೀನ್, ಸಖತ್ ಆಗಿರುತ್ತೆ ಗುರು, ಇಡೀ ಬೆಂಗಳೂರಲ್ಲಿ ಇಂಥದ್ದು ಇನ್ನೊಂದು ಇರಲ್ಲ ಎಂದು ಹುರಿದುಂಬಿಸಿದ. ಸಂಗಮೇಶನಿಗೆ ಸುಧಾಮಣಿಯವರ ಮಾತು ನೆನಪಿರಲಿಲ್ಲ ಎಂದಲ್ಲ. ಹಾಗೇ ಆಗಬೇಕು ಎಂದು ಜನ ಹೇಳುವುದು ಇದಕ್ಕಿಂತ ಒಳ್ಳೆಯದು ಆಗಬಹುದೆಂದು ಗೊತ್ತಿಲ್ಲದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವರಿಗೆ ಮೊದಲೇ ಹೇಳಿದರೆ ಬೇಡ ಅನ್ನುತ್ತಾರೆ. ಮಾಡಿ ತೋರಿಸಿದರೆ ಬೆರಗಾಗುತ್ತಾರೆ.

ಅವರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಒಂದು ಪಾರ್ಟ್ ಬರಬೇಕು ಎಂದು ಪ್ರತಿ ಸಲವೂ ಹೇಳಿದ. ಒಮ್ಮೆ ಅವರು, ಆ ಪಾರ್ಟ್ ಇಲ್ಲದೇ ಫ್ಲಾಪಿಯಲ್ಲೇ ನಡೆಯುತ್ತಲ್ಲ, ಹಾಗೇ ಕೊಟ್ಟುಬಿಡಿ, ನನಗೆ ಅಷ್ಟೇ ಸಾಕು ಅಂದರು. ಅದು ನಿಜವಾಗಿತ್ತು. ಆದರೆ ಅಷ್ಟರಲ್ಲಿ ಹಳೆಯ ಬೋರ್ಡನ್ನು ಅವನು ಬಿಚ್ಚಿಯಾಗಿತ್ತು. ಇನ್ನೊಂದು ವಾರ ಮೇಡಂ ಎಂದು ಫೋನ್ ಇಟ್ಟ.

ಆಯುಧ ಪೂಜೆಗೆ ಅಂಗಡಿ ತೊಳೆಯುವಾಗ ಬೆಂಚಿನ ಕೆಳಗಿನ ಹಾಳುಮೂಳನ್ನೆಲ್ಲ ಎರಡು ಗೋಣಿಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟ. ಪೇಪರಿನಲ್ಲಿ ಸುತ್ತಿಟ್ಟಿದ್ದ ಕಿತ್ತಳೆ ಪರದೆಯೂ, ಹಳೆಯ ಬೋರ್ಡೂ ಅದರಲ್ಲೇ ಹೋದವು. ಒಂದು ಕ್ಷಣ ಕೈ ತಡೆದಿತ್ತು. ಇನ್ನು ಯಾರಿಗೆ ಬೇಕು ಎನಿಸಿ ಚೀಲದ ಬಾಯಿ ಕಟ್ಟಿದ.

ಅಕ್ಟೋಬರ್ ಕೊನೆಯಲ್ಲಿ ಮೆಷೀನನ್ನು ತಾನೇ ಬೈಕಿನ ಹಿಂದೆ ಕಟ್ಟಿಕೊಂಡು ತ್ಯಾಗರಾಜನಗರದ ಅವರ ಮನೆಗೆ ಹೋದ. ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ಒಬ್ಬರೇ ಇದ್ದರು. ಗೋಡೆಯ ಮೇಲೆ ಬುದ್ಧನ ಪಟ, ಕಿಟಕಿಗೆ ದಪ್ಪ ನೀಲಿ ಪರದೆ. ಮಧ್ಯಾಹ್ನ ಮೂರು ಗಂಟೆಯಲ್ಲೂ ಕೋಣೆ ಮಬ್ಬಾಗಿತ್ತು. ಟೈಪ್ ಮಾಡುವ ಮೇಜಿನ ಮುಂದೆ ಕುರ್ಚಿ ಆಗಲೇ ಎಳೆದಿಟ್ಟಿತ್ತು.

ಮುಚ್ಚಳ ತೆಗೆದು ಸ್ವಿಚ್ ಹಾಕಿದ. ಪರದೆ ಬೆಳ್ಳಗೆ ಬೆಳಗಿ, ಆಮೇಲೆ ನೀಲಿ, ಹಸಿರು ಬಣ್ಣಗಳು ಬಂದವು. ಇಡೀ ಕೋಣೆಗೆ ಬೆಳಕಾಯಿತು. ಬಿಸಿಲಿಗೆ ಅಡ್ಡ ಹಿಡಿದಂತೆ ಸುಧಾಮಣಿ ಕಣ್ಣ ಮುಂದೆ ಅಂಗೈ ಹಿಡಿದರು. ಸಂಗಮೇಶ ಉತ್ಸಾಹದಲ್ಲಿ ಹೇಳುತ್ತಲೇ ಹೋದ: ಎಷ್ಟು ಬೇಗ ಓಪನ್ ಆಗುತ್ತದೆ, ಹಳೆಯ ಪದಬಂಧಗಳೆಲ್ಲ ಎಲ್ಲಿವೆ, ಅಕ್ಷರಕ್ಕೆ ಯಾವ ಬಣ್ಣ ಬೇಕಾದರೂ ಕೊಡಬಹುದು. ಅವರ ಬೆರಳುಗಳು ಕೀಲಿಮಣೆಯ ಮೇಲೆ ಓಡಾಡಿದವು, ಅಂಟಿನ ಚುಕ್ಕೆಗಳಿದ್ದ ಜಾಗದಲ್ಲಿ ನಿಂತವು.

"ಹಳೇ ಸ್ಕ್ರೀನು ಎಲ್ಲಿದೆ?" ಎಂದು ಕೇಳಿದರು.

"ಅದು ಯಾಕ್ರೀ ಮೇಡಂ ಇನ್ನ? ಗುಜರಿಗೆ ಹೋತು."

ಅವರು ಕೀಲಿಮಣೆಯಿಂದ ಕೈ ತೆಗೆದರು. ಆಮೇಲೆ ಚೆನ್ನಾಗಿದೆ, ತುಂಬಾ ಕಷ್ಟಪಟ್ಟಿದ್ದೀರಿ ಅಂದರು. ಕಾಫಿ ಮಾಡಿಕೊಟ್ಟರು. ಅವನು ಕೆಳಗಿಳಿದು ಬೈಕ್ ಹತ್ತುವಾಗ ತಲೆಯೆತ್ತಿ ನೋಡಿದ, ಕೈಬೀಸುತ್ತಾರೇನೋ ಎಂದು. ಕಿಟಕಿಯ ನೀಲಿ ಪರದೆ ಎಳೆದೇ ಇತ್ತು. ಬಾಯಿ ಕಟ್ಟಿಹೋಯ್ತು ಅವರಿಗೆ ಎಂದು ಸಂಜೆ ಮಹೇಶನ ಹತ್ತಿರ ಹೇಳಿಕೊಂಡ.

ಡಿಸೆಂಬರಿನಲ್ಲಿ ಪ್ರಿಯಾಂಕಾ ಎಂಬ ಹುಡುಗಿ ಅಂಗಡಿಗೆ ಬಂದಳು. ಕಾಲೇಜಿನಲ್ಲಿ ಓದುತ್ತಿದ್ದವಳು, ಸುಧಾಮಣಿಯವರ ಅಣ್ಣನ ಮಗಳು. ಮನೆ ಸುಬ್ರಹ್ಮಣ್ಯಪುರದಲ್ಲಿ. ತಾನು ಬಂದದ್ದು ಅತ್ತೆಗೆ ಗೊತ್ತಿಲ್ಲ ಎಂದು ಮೊದಲೇ ಹೇಳಿದಳು. ಆಮೇಲೆ ಆ ಹಳೆಯ ಸ್ಕ್ರೀನ್ ಏನಾದರೂ ಇನ್ನೂ ಇದೆಯಾ ಸಾರ್ ಎಂದು ಕೇಳಿದಳು.

ಅವಳು ಹೇಳಿದ್ದು ಇಷ್ಟು. ಅತ್ತೆಗೆ ಕಣ್ಣಿನ ಹಿಂದಿನ ಪೊರೆ ಸವೆದುಹೋಗುವ ಕಾಯಿಲೆ. ಆರು ವರ್ಷದಿಂದ ಇದೆ. ಬೆಳಕು ಚುಚ್ಚುತ್ತದೆ. ಬಿಳಿ ಹಾಳೆಯ ಮೇಲಿನ ಅಚ್ಚು ಕಾಣುವುದಿಲ್ಲ, ಟೀವಿ ಕಾಣುವುದಿಲ್ಲ, ಹೊಸ ಕಂಪ್ಯೂಟರುಗಳ ಪರದೆ ಮಂಜಿನ ಗೋಡೆಯ ಹಾಗೆ. ಕಾಣುತ್ತಿದ್ದದ್ದು ಕತ್ತಲೆ ಕೋಣೆಯಲ್ಲಿ ಆ ಕಿತ್ತಳೆ ಅಕ್ಷರ ಮಾತ್ರ. ಗೊತ್ತಾದರೆ ಪತ್ರಿಕೆಯವರು ಕೆಲಸ ನಿಲ್ಲಿಸಿಬಿಡುತ್ತಾರೆ, ಕಂಡವರೆಲ್ಲ ಅಯ್ಯೋ ಪಾಪ ಅನ್ನುತ್ತಾರೆ ಎಂದು ಅವರು ಯಾರಿಗೂ ಹೇಳಿರಲಿಲ್ಲ. ಪೂರ್ತಿ ಹೋಗಲು ಇನ್ನೂ ಎರಡು ಮೂರು ವರ್ಷ ಆಗಬಹುದು ಎಂದಿದ್ದರಂತೆ ಡಾಕ್ಟರು. ಮೆಷೀನು ಕೆಟ್ಟಾಗಿನಿಂದ, ಈಗ ನಾಲ್ಕು ತಿಂಗಳಾಯಿತು, ಪದಬಂಧ ಹೋಗಿಲ್ಲ. ಪತ್ರಿಕೆಯವರು ಬೇರೆ ಯಾರಿಗೋ ವಹಿಸಿದ್ದಾರೆ.

"ನಿಮ್ಮ ಮೇಲೆ ಅವರಿಗೆ ಸಿಟ್ಟಿಲ್ಲ ಸಾರ್," ಅಂದಳು ಪ್ರಿಯಾಂಕಾ. "ಆ ಹುಡುಗ ಅಷ್ಟು ಆಸೆಯಿಂದ ಮಾಡ್ಕೊಂಡು ಬಂದಿದ್ದ, ಹೇಗೆ ಹೇಳ್ಲಿ ಅಂತಾರೆ. ದಿನಾ ಅದನ್ನ ಆನ್ ಮಾಡಿ, ಮುಂದೆ ಕೂತು, ಆಫ್ ಮಾಡ್ತಾರೆ."

ಸಂಗಮೇಶ ಆ ದಿನ ಅಂಗಡಿ ಬೇಗ ಮುಚ್ಚಿದ. ಮನೆಯಲ್ಲಿ ಶೈಲಶ್ರೀ ರೊಟ್ಟಿ ಬಡಿಯುತ್ತಾ ಎಲ್ಲ ಕೇಳಿಸಿಕೊಂಡಳು. ಅವರಾದರೂ ಒಂದು ಮಾತು ಹೇಳಬಹುದಿತ್ತಲ್ಲ ಎಂದು ಅವನು ಕೊನೆಗೆ ಸೇರಿಸಿದ. ಅವಳು ಕೈ ನಿಲ್ಲಿಸಿದಳು.

"ಹೇಳಿದ್ರಲ್ಲ. ಮೊದಲ ಹೆಂಗಿತ್ತೋ ಹಂಗ ಮಾಡಿಕೊಡು ಅಂದ್ರು. ಇನ್ನ ಎಷ್ಟು ಹೇಳಬೇಕಿತ್ತು ಅವರು?"

ಮಾರನೆಯ ದಿನ ಗುಜರಿಯವನನ್ನು ಹಿಡಿದ. ಅವನು ಮಾಲನ್ನು ದೊಡ್ಡ ಗುಜರಿಗೆ ಹಾಕಿದ್ದ. ಸಂಗಮೇಶ ಅಲ್ಲಿಗೆ ಹೋಗಿ, ಬೋರ್ಡುಗಳ ರಾಶಿಯಲ್ಲಿ ಎರಡು ದಿನ ಕೈಯಾಡಿಸಿದ. ಎರಡನೇ ದಿನ ಸಂಜೆ ಒಬ್ಬ ಹೆಂಗಸು ಸಿಕ್ಕಳು, ಲಕ್ಕವ್ವ ಅಂತ. ತಾಮ್ರ, ಅಲ್ಯೂಮಿನಿಯಂ ಬೇರೆ ಮಾಡುವ ಕೆಲಸ ಅವಳದ್ದು. ಅಷ್ಟಗಲದ ಕಪ್ಪು ಗಾಜು ತಾನೇ ಒಡೆದದ್ದು, ಸುತ್ತಲಿನ ಚೌಕಟ್ಟು ಬೇಕಿತ್ತು, ಗಾಜಿಗೇನೂ ಬರುವುದಿಲ್ಲವಲ್ಲ ಅಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಅವನು ತ್ಯಾಗರಾಜನಗರಕ್ಕೆ ಹೋಗಿ ಸುಧಾಮಣಿಯವರ ಮುಂದೆ ನಿಂತು, ಗೊತ್ತಾಯಿತು ಎಂದಷ್ಟೇ ಹೇಳಿದ. ನೀವು ಕೆಟ್ಟದ್ದಕ್ಕೆ ಮಾಡಲಿಲ್ಲ, ಬಿಡಿ ಎಂದರು ಅವರು. ಪ್ರಿಯಾಂಕಾಳನ್ನು ಬೈದರು ಕೂಡ. ಅವನು ಬಿಡಲಿಲ್ಲ. ಅದೇ ಮೆಷೀನಿನಲ್ಲಿ ಹಳೆಯ ಸಾಫ್ಟ್‌ವೇರ್ ಹಾಕಿ, ಕಪ್ಪಿನ ಮೇಲೆ ಕಿತ್ತಳೆ ಅಕ್ಷರ ಬರುವಂತೆ ಮಾಡಿದ. ಆದರೆ ಆ ಪರದೆಯ ಕಪ್ಪು ಕಪ್ಪಾಗಿರಲಿಲ್ಲ. ಹಿಂದೆ ಸದಾ ಉರಿಯುವ ದೀಪದಿಂದ ಕಪ್ಪೂ ಬೂದಿಯಂತೆ ಬೆಳಗುತ್ತಿತ್ತು, ಅವರ ಕಣ್ಣಿಗೆ ಅದೂ ಮಂಜೇ. ಒಂದು ಹಳೆಯ ಒಂದೇ ಬಣ್ಣದ ಮಾನಿಟರ್ ಹುಡುಕಿ ತಂದ, ಹಳದಿ ಅಕ್ಷರದ್ದು. ಅದರಲ್ಲಿ ದಿನಕ್ಕೆ ಅರ್ಧ ಗಂಟೆ ಹೇಗೋ ಓದುತ್ತಿದ್ದರು, ಆಮೇಲೆ ಅಕ್ಷರ ನಡುಗಿ ತಲೆನೋವು ಬರುತ್ತಿತ್ತು. ಅಂಗಡಿಯಲ್ಲಿ ಅವರು ಕೊರೆದು ಇಟ್ಟ ಹಾಗಿದೆ ಅಂದದ್ದು ಏಕೆ ಎಂದು ಅವನಿಗೆ ಆಗ ಅರ್ಥವಾಯಿತು.

2003ರಲ್ಲಿ ಕೆಲವು ತಿಂಗಳು ಭಾನುವಾರ ಬೆಳಗ್ಗೆ ಹೋಗಿ ಅವರು ಹೇಳಿದ್ದನ್ನು ಬರೆದುಕೊಂಡ. ಇಡೀ ಚೌಕವನ್ನು ಅವರು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ನಾಲ್ಕನೇ ಸಾಲು, ಆರನೇ ಮನೆ, ಅಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಇವನು ಹುಡುಕಿ ಹೇಳುವಷ್ಟರಲ್ಲಿ ಹಿಡಿದ ಎಳೆ ಜಾರಿಹೋಗುತ್ತಿತ್ತು. ಎರಡು ಪದಬಂಧ ಹಾಗೆ ಆದವು, ಪತ್ರಿಕೆಯವರು ಅವನ್ನು ಹಾಕಿಕೊಂಡರು. ಮೂರನೆಯದರಲ್ಲಿ ಒಂದೇ ಪದ ಎರಡು ಕಡೆ ಬಂದಿತ್ತು. ಅಚ್ಚಾದ ಮೇಲೆ ಓದುಗರೊಬ್ಬರು ಪತ್ರ ಬರೆದರು. ಪ್ರಿಯಾಂಕಾ ಅದನ್ನು ಓದಿ ಹೇಳಿದಳು. ಒಂಬತ್ತು ವರ್ಷದಲ್ಲಿ ಅಂಥ ತಪ್ಪು ಅವರಿಂದ ಆಗಿರಲಿಲ್ಲ. ಮುಂದಿನ ಭಾನುವಾರ ಸಂಗಮೇಶ ಹೋದಾಗ, ಇನ್ನು ಸಾಕು, ಬೇರೆಯವರ ಕಣ್ಣಲ್ಲಿ ಪದಬಂಧ ಕಟ್ಟೋಕಾಗಲ್ಲ, ನಿಮ್ಮ ಭಾನುವಾರ ನಿಮ್ಮ ಮನೆಯವರಿಗೆ ಕೊಡಿ ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದರು.

ಅಂಥದ್ದೇ ಇನ್ನೊಂದು ಮೆಷೀನು ಬಂದರೆ ತಿಳಿಸಿ ಎಂದು ಅವನು ಶಂಭುಲಿಂಗಪ್ಪನವರಿಗೆ ಹೇಳಿಟ್ಟಿದ್ದ. ಎಸ್‌ಪಿ ರೋಡಿಗೆ ಹೋದಾಗಲೆಲ್ಲ ಕೇಳುತ್ತಿದ್ದ. ಕೇಳಿ ಕೇಳಿ ಅದೊಂದು ರೂಢಿಯಾಗಿ, ಅವನು ಬಾಯಿ ತೆರೆಯುವ ಮೊದಲೇ ಅವರು ಇಲ್ಲ ಎಂದು ತಲೆಯಾಡಿಸುತ್ತಿದ್ದರು. 2005ರ ಮಾರ್ಚಿನಲ್ಲಿ ಒಂದು ದಿನ ಅವರೇ ಫೋನ್ ಮಾಡಿದರು. ಮುಚ್ಚಿಹೋದ ಒಂದು ಸಂಸ್ಥೆಯ ಹರಾಜಿನಲ್ಲಿ ಬಂದಿದೆ, ಅದೇ ಮಾಡೆಲ್, ಬಂದು ನೋಡಿ ಅಂದರು.

ಈ ಸಲ ಅವನು ಅದಕ್ಕೆ ಏನೂ ಸೇರಿಸಲಿಲ್ಲ. ಕೆಟ್ಟದ್ದನ್ನು ಬದಲಿಸಿದ, ಧೂಳು ಒರೆಸಿದ, ಅಷ್ಟೇ. ಸಣ್ಣ ಡಿಸ್ಕೂ ಅದರಲ್ಲೇ ಇತ್ತು, ಸರಿಯಾಗಿಯೇ ತಿರುಗುತ್ತಿತ್ತು. ಕೀಲಿಮಣೆಯ ಮೇಲೆ ತಾನು ಕೆರೆದು ತೆಗೆದಿದ್ದ ಚುಕ್ಕೆಗಳನ್ನು ನೆನಪಿಸಿಕೊಂಡು, ಅದೇ ಗುಂಡಿಗಳ ಮೇಲೆ ಅಂಟಿನ ಹನಿ ಇಟ್ಟು ಒಣಗಿಸಿದ. ನೂರೆಂಟು ಪದಬಂಧಗಳನ್ನೂ ತುಂಬಿದ. ಪರದೆ ಹೊತ್ತಿಕೊಂಡಾಗ ಅಂಗಡಿಯ ದೀಪ ಆರಿಸಿ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತ.

ಸುಧಾಮಣಿ ಅಷ್ಟರಲ್ಲಿ ಸೊರಗಿದ್ದರು. ಬಾಗಿಲು ತೆರೆದು, ದನಿಯಿಂದ ಗುರುತು ಹಿಡಿದು, ಸಂಗಮೇಶ ಅಲ್ವಾ, ಬನ್ನಿ ಅಂದರು. ಅವನು ಮೇಜಿನ ಮೇಲೆ ಮೆಷೀನಿಟ್ಟು, ಕಿಟಕಿಯ ಪರದೆ ಎಳೆದು, ಅವರನ್ನು ಕುರ್ಚಿಯಲ್ಲಿ ಕೂರಿಸಿ ಸ್ವಿಚ್ ಹಾಕಿದ. ಅವರ ಬೆರಳು ತಾನಾಗಿ ಕೀಲಿಮಣೆಗೆ ಹೋಯಿತು. ಚುಕ್ಕೆಗಳು ಸಿಕ್ಕಿದವು. ಮುಖ ಅರಳಿತು.

"ಹೊತ್ಕೊಳ್ತಾ?" ಎಂದು ಕೇಳಿದರು.

ಪರದೆಯ ತುಂಬ ಕಿತ್ತಳೆ ಅಕ್ಷರಗಳು ಉರಿಯುತ್ತಿದ್ದವು. ಆ ಬೆಳಕು ಅವರ ಹಣೆಯ ಮೇಲೂ ಬಿದ್ದಿತ್ತು.

"ಹೊತ್ಕೊಂಡೈತ್ರೀ ಮೇಡಂ," ಅಂದ.

ಅವರು ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದರು. ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು.

"ಬಿಸಿ ಗೊತ್ತಾಗುತ್ತೆ," ಅಂದರು. "ಏನೋ ಕೆಂಪಗಿದೆ ಅಂತ ಗೊತ್ತಾಗುತ್ತೆ. ಅಕ್ಷರ ಇಲ್ಲ."

ಸಂಗಮೇಶ ನೆಲದ ಮೇಲೆ ಕೂತುಬಿಟ್ಟ. ಅವನು ಅಳುತ್ತಿದ್ದಾನೆಂದು ಅವರಿಗೆ ತಿಳಿಯಿತು. ಸಮಾಧಾನ ಹೇಳಲು ಅವರು ಹೋಗಲಿಲ್ಲ. ಅಷ್ಟು ದಿನ ತಡೆದಿಟ್ಟ ಮಾತನ್ನು ಆಗ ಹೇಳಿದರು.

"ನನ್ನ ಕಣ್ಣು ನಿಮ್ಮಿಂದ ಹೋಗ್ಲಿಲ್ಲ. ಅದು ಹೋಗೋದಿತ್ತು. ಆದ್ರೆ ಎರಡು ವರ್ಷ ಇತ್ತು ನನ್ನ ಹತ್ರ. ಇಪ್ಪತ್ತನಾಲ್ಕು ಪದಬಂಧ ಅಂತ ಲೆಕ್ಕ ಹಾಕಿ ಇಟ್ಕೊಂಡಿದ್ದೆ. ಕೊನೇದು ಯಾವುದು ಅಂತಾನೂ ಯೋಚನೆ ಮಾಡಿದ್ದೆ." ಆಮೇಲೆ ಸೇರಿಸಿದರು: "ನಾನೂ ಬಾಯಿ ಬಿಟ್ಟು ಹೇಳ್ಬೇಕಿತ್ತು. ಕುರುಡಿ ಅಂತ ತಿಳ್ಕೋತಾರೆ ಅಂತ ಸುಮ್ನಿದ್ದೆ. ಅದು ನನ್ನ ತಪ್ಪು. ಅದಕ್ಕೇ ನಿಮ್ಮನ್ನ ಬೈಯೋಕೂ ಆಗಲಿಲ್ಲ."

ಮೆಷೀನನ್ನು ವಾಪಸು ತಗೊಂಡು ಹೋಗಿ ಎಂದರು. ಇಲ್ಲಿದ್ದರೆ ದಿನಾ ಆನ್ ಮಾಡಬೇಕು ಅನ್ನಿಸುತ್ತೆ ಎಂದರು. ಅವನು ಅದನ್ನು ಮತ್ತೆ ಬೈಕಿಗೆ ಕಟ್ಟಿಕೊಂಡು ಬಂದ. ಕೊನೆಯ ಪದಬಂಧ ಯಾವುದಾಗಿತ್ತು ಎಂದು ಕೇಳಬೇಕೆಂದು ದಾರಿಯಲ್ಲಿ ಹೊಳೆಯಿತು. ಕೇಳಲು ತಿರುಗಿ ಹೋಗಲು ಧೈರ್ಯ ಬರಲಿಲ್ಲ.

ಮರುವರ್ಷ ಅವರು ತ್ಯಾಗರಾಜನಗರದ ಮನೆ ಬಿಟ್ಟು ಸುಬ್ರಹ್ಮಣ್ಯಪುರಕ್ಕೆ, ಅಣ್ಣನ ಮನೆಗೆ ಹೋದರು. ಪ್ರಿಯಾಂಕಾ ವಿಳಾಸ ಕೊಟ್ಟು, ಬನ್ನಿ ಸಾರ್, ಅತ್ತೆ ನಿಮ್ಮನ್ನ ಕೇಳ್ತಿರ್ತಾರೆ ಅಂದಳು. ಸಂಗಮೇಶ ಬರ್ತೀನಿ ಅಂದ. ಅದೇ ರಸ್ತೆಯ ಒಂದು ಶಾಲೆಯ ಕಂಪ್ಯೂಟರುಗಳ ಕೆಲಸ ಅವನಿಗೆ ಸಿಕ್ಕಿತ್ತು, ತಿಂಗಳಿಗೆ ಎರಡು ಸಲ ಆ ಮನೆಯ ಮುಂದೆಯೇ ಹಾದುಹೋಗುತ್ತಿದ್ದ.

2007ರ ಒಂದು ಬೆಳಗ್ಗೆ ಅವರು ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಡಿಲಲ್ಲಿ ಅವರೆಕಾಯಿಯ ಮೊರ. ಕಾಯಿ ಸುಲಿದು ಕಾಳನ್ನು ಬೆರಳಲ್ಲಿ ಮುಟ್ಟಿ ನೋಡಿ ಬಟ್ಟಲಿಗೆ ಹಾಕುತ್ತಿದ್ದರು. ಅವನು ಬೈಕ್ ನಿಲ್ಲಿಸಿ ಎಂಜಿನ್ ಆರಿಸಿದ. ಸದ್ದು ನಿಂತದ್ದು ಕೇಳಿ ಅವರು ಮುಖ ಎತ್ತಿದರು.

"ಯಾರು?" ಅಂದರು.

ಅವನು ಬಾಯಿ ತೆರೆದ. ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರು ಇನ್ನೊಮ್ಮೆ ಕೇಳಲಿಲ್ಲ, ಕಾಯುತ್ತಾ ಕೂತರು. ಅವನು ಬೈಕನ್ನು ಸ್ಟಾರ್ಟ್ ಮಾಡದೆ, ತಳ್ಳಿಕೊಂಡೇ ತಿರುವಿನವರೆಗೆ ಹೋದ.

ಮನೆಗೆ ಬಂದು ಶೈಲಶ್ರೀಗೆ ಹೇಳಿದಾಗ ಅವಳು, ಬರೋ ವಾರ ಇಬ್ರೂ ಕೂಡಿ ಹೋಗೂಣು ಅಂದಳು. ಅವನು ಹೂಂ ಅಂದ. ಆ ವಾರ ಹೋಗಲಾಗಲಿಲ್ಲ, ಅದರ ಮುಂದಿನ ವಾರವೂ. ಶಾಲೆಗೆ ಹೋಗಲು ಅವನು ಈಗ ಬೇರೆ ರಸ್ತೆ ಹಿಡಿಯುತ್ತಾನೆ.